ಮಿಶನ್ ಶಾಲೆಯಲ್ಲಿ ಇತಿಹಾಸದ ತಾಸು

ಪುಣೆ ಇತಿಹಾಸಕ್ಕೆ ಹೆಸರಾದ ಊರು. ೧೯೧೦ರಲ್ಲಿ ವಿ. ಕಾ. ರಾಜವಾಡೆಯವರ ಮುಂದಾಳುತನದಲ್ಲಿ ಹುಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ, ೧೯೧೭ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, ಯೆರವಡೆಯ ಕಡೆಗಿರುವ ಡೆಕ್ಕನ್ ಕಾಲೇಜು, ಇವುಗಳ ಕೀರ್ತಿ ದೇಶದಾಚೆಗೂ ಹಬ್ಬಿದೆ. ಆದರೆ ಜನಸಾಮಾನ್ಯರು ತಮ್ಮ ಹಿಂದಿನದನ್ನು ಹೇಗೆ ನೆನೆಯುತ್ತಾರೆ ಎಂಬುದು ಈ ವಿದ್ವತ್ ಮಂದಿರಗಳಲ್ಲಿ ನಿಶ್ಚಯವಾಗುವುದಿಲ್ಲ. ಅದು ನಿಶ್ಚಯವಾಗುವುದು ಪ್ರಾಥಮಿಕ ಶಾಲೆಯ ಮೂರನೆಯ, ನಾಲ್ಕನೆಯ ಇಯತ್ತೆಯಲ್ಲಿ, ಎಂಟೊಂಬತ್ತು ವರ್ಷದ ಮಗು ಮೊದಲ ಸಲ ಇತಿಹಾಸದ ಪುಸ್ತಕ ಬಿಚ್ಚಿದ ದಿನ. ಆಗ ಮನಸ್ಸಿನಲ್ಲಿ ಮೂಡಿದ ಚಿತ್ರವನ್ನು ಮುಂದೆ ಎಷ್ಟು ದೊಡ್ಡ ಗ್ರಂಥ ಓದಿದರೂ ಅಳಿಸುವುದು ಕಷ್ಟ.

ಪುಣೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳನ್ನು ಮಿಶನರಿಗಳು ಸ್ಥಾಪಿಸಿದ ಶಾಲೆಗಳಿಗೆ, ಕಾನ್ವೆಂಟುಗಳಿಗೆ ಕಳಿಸುತ್ತ ಬಂದಿದ್ದಾರೆ. ಅಲ್ಲಿಯ ಶಿಸ್ತು, ಅಲ್ಲಿಯ ಇಂಗ್ಲಿಷು, ಅಲ್ಲಿಯ ಆಟದ ಬಯಲು ಇವುಗಳ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ. ಅಲ್ಲಿ ಇತಿಹಾಸವನ್ನು ಹೇಗೆ ಕಲಿಸುತ್ತಾರೆ, ಹಿಂದೆ ಹೇಗೆ ಕಲಿಸಿದರು ಎಂದು ಕೇಳುವವರು ಕಡಿಮೆ. ಕೇಳಿ ನೋಡಿದರೆ ಕತೆ ಸ್ವಾರಸ್ಯವಾಗಿದೆ. ಅದರಲ್ಲಿ ಮರಾಠಿಗರ ಪಾಲಿನಷ್ಟೇ ಕನ್ನಡಿಗರ ಪಾಲೂ ಇದೆ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಕಾಟ್ಲೆಂಡಿನ ಮಿಶನರಿಗಳು ಪುಣೆಯಲ್ಲಿ ಶಾಲೆ ತೆರೆದರು. ಅದೇ ಕಾಲಕ್ಕೆ ನಮ್ಮ ಕಡೆ ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ ಬಂದರು. ಇವರ ಉದ್ದೇಶ ಧರ್ಮಪ್ರಸಾರವೆಂಬುದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮರೆಯಬೇಕಾಗಿಲ್ಲ. ಶಾಲೆಯಲ್ಲಿ ಓದು, ಬರಹ, ಲೆಕ್ಕ, ಭೂಗೋಳಗಳ ಜೊತೆಗೆ ಬೈಬಲ್ಲಿನ ಚರಿತ್ರೆ ಮುಖ್ಯ ಪಾಠವಾಗಿತ್ತು. ಮಗು ಮೊದಲು ಕಲಿಯುತ್ತಿದ್ದ ‘ಇತಿಹಾಸ’ ಅದೇ: ಅಬ್ರಹಾಮ, ಮೋಶೆ, ದಾವೀದ ಅರಸ. ಧಾರವಾಡದ ಹುಡುಗನಿಗೆ ಯೆರೂಸಲೇಮಿನ ಅರಸರ ಹೆಸರು ಬಾಯಿಪಾಠವಿತ್ತು. ಹತ್ತಿರದ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಯಾವ ಅರಸರ ಕಾಲದಲ್ಲಿ ಕಟ್ಟಿದರು ಎಂದು ಹೇಳುವವರು ಇರಲಿಲ್ಲ.

ಹಾಗೆಂದು ಆ ಪಾಠವನ್ನು ಬರಿಯ ಮತಪ್ರಚಾರವೆಂದು ತಳ್ಳಿಹಾಕಿದರೆ ನಾವು ಒಂದು ಸಂಗತಿಯನ್ನು ಕಳೆದುಕೊಳ್ಳುತ್ತೇವೆ. ನಮ್ಮ ಪಂತೋಜಿಯ ಮಠಗಳಲ್ಲಿ ಹುಡುಗರು ಮಗ್ಗಿ, ಲೆಕ್ಕ, ಅಮರಕೋಶ, ಪುರಾಣದ ಪದ್ಯಗಳನ್ನು ಕಲಿಯುತ್ತಿದ್ದರು. ಇದು ಯಾವಾಗ ನಡೆಯಿತು, ಇದಕ್ಕೆ ಮೊದಲು ಏನಿತ್ತು, ಇದನ್ನು ಯಾರು ಬರೆದಿಟ್ಟರು ಎಂಬ ಪ್ರಶ್ನೆಗಳು ಆ ಓದಿನಲ್ಲಿ ಏಳುತ್ತಿದ್ದುದು ಅಪರೂಪ. ಮಿಶನ್ ಶಾಲೆ ಕಾಲದ ಒಂದು ಸಾಲನ್ನು ಎಳೆದು ತೋರಿಸಿತು. ಒಂದು ಸಲ ಅಂಥ ಸಾಲು ಕಣ್ಣಿಗೆ ಬಿದ್ದ ಮೇಲೆ ಮಗು ಸುಮ್ಮನಿರುವುದಿಲ್ಲ. ‘ಈ ಸಾಲಿನಲ್ಲಿ ನಮ್ಮವರು ಎಲ್ಲಿದ್ದಾರೆ?’ ಎಂದು ಕೇಳಿಯೇ ಕೇಳುತ್ತದೆ. ಈ ಪ್ರಶ್ನೆಯನ್ನು ಮಿಶನರಿಗಳು ಬಯಸಿದ್ದರೋ ಇಲ್ಲವೋ, ಪ್ರಶ್ನೆಯಂತೂ ಹುಟ್ಟಿತು.

ಅದು ಹುಟ್ಟಿದ ಬಗೆಯನ್ನು ಪುಣೆಯಲ್ಲೇ ನೋಡಬಹುದು. ೧೮೨೭ರಲ್ಲಿ ಹುಟ್ಟಿದ ಜೋತಿರಾವ್ ಫುಲೆ ಚಿಕ್ಕಂದಿನಲ್ಲಿ ಮರಾಠಿ ಶಾಲೆಯಲ್ಲಿ ಸ್ವಲ್ಪ ಓದಿ, ಬಿಟ್ಟು, ತಂದೆಯ ತೋಟದ ಕೆಲಸಕ್ಕೆ ನಿಂತಿದ್ದರು. ಅವರ ಬುದ್ಧಿಯನ್ನು ಕಂಡ ನೆರೆಯವರಿಬ್ಬರು, ಫಾರಸಿ ಬಲ್ಲ ಮುನ್ಶಿ ಗಫಾರ್ ಬೇಗ್ ಮತ್ತು ಲಿಜಿಟ್ ಎಂಬ ಕ್ರೈಸ್ತ ಸಾಹೇಬರು, ತಂದೆ ಗೋವಿಂದರಾಯರಿಗೆ ತಿಳಿಹೇಳಿದ್ದರಿಂದ ಹುಡುಗ ೧೮೪೧ರಲ್ಲಿ ಸ್ಕಾಟಿಷ್ ಮಿಶನ್ ಶಾಲೆಗೆ ಸೇರಿ ೧೮೪೭ರ ವರೆಗೆ ಓದಿದ. ಮಾಳಿಗರ ಹುಡುಗ, ಮುಸಲ್ಮಾನ ಮುನ್ಶಿ, ಕ್ರೈಸ್ತ ಸಾಹೇಬ. ಆ ಕಾಲದ ಪುಣೆಯಲ್ಲಿ ಈ ಮೂವರ ಹಿತ ಒಂದೆಡೆ ಕೂಡಿತೆಂಬುದೇ ಮಕ್ಕಳಿಗೆ ಹೇಳಬೇಕಾದ ಇತಿಹಾಸ. ಜೋತಿರಾವ್ ತಮ್ಮ ಬ್ರಾಹ್ಮಣ ಗೆಳೆಯ ಸದಾಶಿವ ಬಲ್ಲಾಳ ಗೋವಂಡೆಯವರ ಜೊತೆಗೆ ಶಿವಾಜಿಯ ಮತ್ತು ಜಾರ್ಜ್ ವಾಷಿಂಗ್ಟನ್ನನ ಚರಿತ್ರೆಗಳನ್ನು ಓದಿದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಮುಂದೆ ೧೮೪೮ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಎಲ್ಲರೂ ಬಲ್ಲ ಮಾತು. ಅಲ್ಲಿ ಕಲಿಸಿದ ಸಾವಿತ್ರಿಬಾಯಿಯವರಿಗೆ ಶಿಕ್ಷಕಿಯ ತರಬೇತಿ ದೊರೆತದ್ದು ಕೂಡ ಮಿಶನ್ನಿನ ಹೆಂಗಸರಿಂದ: ಅಹಮದನಗರದಲ್ಲಿ ಮಿಸ್ ಸಿಂಥಿಯಾ ಫರಾರ್, ಪುಣೆಯಲ್ಲಿ ಮಿಸೆಸ್ ಮಿಚೆಲ್.

ಫುಲೆ ದಂಪತಿಗಳ ಶಾಲೆಯಲ್ಲಿ ಮುಕ್ತಾ ಎಂಬ ಮಾಂಗ ಜಾತಿಯ ಹುಡುಗಿ ಓದುತ್ತಿದ್ದಳು. ಹದಿನಾಲ್ಕರ ಪ್ರಾಯ, ಮೂರೇ ವರ್ಷದ ಓದು. ಆಕೆ ೧೮೫೫ರಲ್ಲಿ ಮಾಂಗ, ಮಹಾರರ ದುಃಖವನ್ನು ಕುರಿತು ಒಂದು ನಿಬಂಧ ಬರೆದಳು. ಅದನ್ನು ಅಚ್ಚು ಹಾಕಿದ್ದು ಅಮೇರಿಕನ್ ಮಿಶನ್ನಿನ ‘ಜ್ಞಾನೋದಯ’ ಪತ್ರಿಕೆ. ಪೇಶವೆಯರ ಕಾಲದಲ್ಲಿ ತಾಲೀಮಖಾನೆಯ ಮುಂದೆ ತನ್ನ ಜಾತಿಯವನು ಯಾರಾದರೂ ಹಾದುಹೋದರೆ ಅವನ ತಲೆ ಕಡಿದು ಗುಲ್ ಟೇಕಡಿಯ ಬಯಲಲ್ಲಿ ಚೆಂಡಾಡುತ್ತಿದ್ದರೆಂದು ಆಕೆ ಬರೆದಿದ್ದಾಳೆ. ತನ್ನವರು ಅಕ್ಷರ ಕಲಿತದ್ದು ತಿಳಿದರೆ ಆಳುವವರು ಹೇಗೆ ಕೆರಳುತ್ತಿದ್ದರೆಂದೂ ಹೇಳಿದ್ದಾಳೆ. ಇದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಮನೆಯ ಹಿರಿಯರ ಬಾಯಿಂದ ಕೇಳಿದ್ದನ್ನು, ತಾನು ದಿನಾಲೂ ನಡೆದಾಡುವ ಊರಿನ ಸ್ಥಳದ ಹೆಸರು ಹಿಡಿದು, ಆ ಹುಡುಗಿ ಕಾಗದದ ಮೇಲಿಟ್ಟಳು. ಇಂದು ನಾವು ಗುಲ್ ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿಪಲ್ಯೆ ತರುವಾಗ ಈ ಮಾತು ನೆನಪಾದರೆ ಕಾಲು ಒಂದು ಗಳಿಗೆ ನಿಲ್ಲದೆ ಇರದು. ಶಾಲೆಯ ಮಗುವೊಂದು ಬರೆದ ಇತಿಹಾಸ ಪುಣೆಯಲ್ಲಿ ಇಷ್ಟು ಹಳೆಯದು, ಇಷ್ಟು ಕಟುವಾದದ್ದು.

ಜೋತಿರಾಯರು ೧೮೬೯ರಲ್ಲಿ ಶಿವಾಜಿಯನ್ನು ಕುರಿತು ಪವಾಡ (ಲಾವಣಿಯ ಧಾಟಿಯ ವೀರಗೀತ) ರಚಿಸಿದಾಗ ಅದನ್ನು ರೈತಾಪಿ ಜನರಿಗೆ, ಕೆಳಗಿನವರೆನಿಸಿದವರಿಗೆ ತಿಳಿಯುವ ಮಾತಿನಲ್ಲಿ ಬರೆದರು. ೧೮೮೨ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಏನೇನು ಕಲಿಸಬೇಕೆಂದು ಪಟ್ಟಿ ಮಾಡಿದರು: ಮೋಡಿ ಮತ್ತು ಬಾಲಬೋಧ ಲಿಪಿಗಳ ಓದುಬರಹ, ಲೆಕ್ಕ, ಸಾಮಾನ್ಯ ಇತಿಹಾಸ, ಭೂಗೋಳ, ವ್ಯಾಕರಣ, ಒಕ್ಕಲುತನ, ನೀತಿ, ಆರೋಗ್ಯ. ನೇಗಿಲು ಹಿಡಿಯುವವನ ಮಗನಿಗೆ ಇತಿಹಾಸ ಯಾಕೆ ಎಂದು ಕೇಳುವವರು ಆಗಲೂ ಇದ್ದರು. ಒಕ್ಕಲುತನದ ಜೊತೆಗೇ ಇತಿಹಾಸವನ್ನೂ ಬೇಡಿದ ಆ ಮನವಿಯಲ್ಲಿ ಅದಕ್ಕೆ ಉತ್ತರವಿದೆ.

ಇತ್ತ ಪುಣೆಯ ಕ್ಯಾಂಪಿನಲ್ಲಿ ಇನ್ನೊಂದು ಬಗೆಯ ಮಿಶನ್ ಶಾಲೆಗಳು ಎದ್ದವು. ೧೮೬೦ರಲ್ಲಿ ಜೀಸಸ್ ಆಂಡ್ ಮೇರಿ ಕಾನ್ವೆಂಟು, ೧೮೬೪ರಲ್ಲಿ ಬಿಷಪ್ಸ್ ಶಾಲೆ, ೧೮೬೭ರಲ್ಲಿ ಜೆಸುಯಿಟ್ ಪಾದ್ರಿಗಳ ಸೇಂಟ್ ವಿನ್ಸೆಂಟ್ಸ್. ದಂಡಿನ ಊರಲ್ಲಿದ್ದ ಬಿಳಿಯರ, ಯುರೇಶಿಯನ್ನರ ಮಕ್ಕಳು ಅಲ್ಲಿ ಹೆಚ್ಚು. ಅಲ್ಲಿಯ ಇತಿಹಾಸವೆಂದರೆ ಇಂಗ್ಲೆಂಡಿನ ಇತಿಹಾಸ. ಒಂದೇ ಊರಿನಲ್ಲಿ ಎರಡು ಇತಿಹಾಸ ನಡೆಯುತ್ತಿದ್ದವು: ಪೇಠೆಗಳಲ್ಲಿ ಪೇಶವೆಯರ ನೆನಪು, ಕ್ಯಾಂಪಿನಲ್ಲಿ ಟ್ಯೂಡರ್ ಅರಸರ ವಂಶಾವಳಿ. ಈ ಎರಡರ ನಡುವಣ ಗೋಡೆ ಎಷ್ಟು ಗಟ್ಟಿಯಿತ್ತೆಂಬುದಕ್ಕೆ ೧೮೯೦ರ ಪಂಚಹೌದ ಚಹಾ ಪ್ರಕರಣವೇ ಸಾಕ್ಷಿ. ಪಂಚಹೌದ ಮಿಶನ್ನಿನಲ್ಲಿ ಅಕ್ಟೋಬರ್ ೧೪ರಂದು ನಡೆದ ಸಭೆಯಲ್ಲಿ ಚಹಾ ಬಿಸ್ಕೀಟು ಹಂಚಲಾಯಿತು. ಅಲ್ಲಿದ್ದವರ ಹೆಸರು ಪತ್ರಿಕೆಯಲ್ಲಿ ಬಂದದ್ದೇ ತಡ, ರಾನಡೆ, ತಿಲಕರಂಥವರೂ ಜಾತಿಯ ವಿಚಾರಣೆಗೆ ಒಳಗಾಗಿ ಪ್ರಾಯಶ್ಚಿತ್ತದ ವರೆಗೆ ಹೋಗಬೇಕಾಯಿತು. ಒಂದು ಬಟ್ಟಲು ಚಹಾದಿಂದ ಊರು ಒಡೆದ ಕಾಲದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಬಾಕಿನ ಮೇಲೆ ಕೂಡ್ರಿಸುವುದು ಸಣ್ಣ ಕೆಲಸವಾಗಿರಲಿಲ್ಲ.

ಈ ಪುಣೆಗೂ ಕನ್ನಡ ಜಿಲ್ಲೆಗಳ ಶಾಲೆಗಳಿಗೂ ಒಂದು ನೇರ ಸಂಬಂಧವಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ಆ ಪ್ರಾಂತದ ಶಿಕ್ಷಣ ಖಾತೆಯ ಡೈರೆಕ್ಟರರ ಕಚೇರಿ ಪುಣೆಯಲ್ಲಿತ್ತು. ೧೮೫೪ರ ವುಡ್ ಸಾಹೇಬರ ಖಲೀತೆಯ ನಂತರ ಮಿಶನ್ ಶಾಲೆಗಳಿಗೂ ಸರಕಾರದ ಅನುದಾನ ದೊರೆಯುವಂತಾಯಿತು. ಅನುದಾನ ಬೇಕಾದರೆ ಇನ್‌ಸ್ಪೆಕ್ಟರರು ಬರುತ್ತಾರೆ, ಪರೀಕ್ಷೆ ಮಾಡುತ್ತಾರೆ, ಸರಕಾರ ಒಪ್ಪುವ ವಿಷಯಗಳನ್ನು ಕಲಿಸಬೇಕಾಗುತ್ತದೆ. ಹೀಗೆ ಬೈಬಲ್ಲಿನ ಚರಿತ್ರೆಯ ಪಕ್ಕದಲ್ಲಿ ಹಿಂದುಸ್ಥಾನದ ಚರಿತ್ರೆಯೂ ಬಂದು ಕುಳಿತಿತು.

ಇನ್‌ಸ್ಪೆಕ್ಟರರ ಮಾತು ಬಂದಾಗ ಇಬ್ಬರನ್ನು ಸ್ಮರಿಸಲೇಬೇಕು. ಬೆಂಗಳೂರಿನ ಲಂಡನ್ ಮಿಶನ್ನಿನ ಪಾದ್ರಿ ಬೆಂಜಮಿನ್ ರೈಸರ ಮಗ ಬಿ. ಎಲ್. ರೈಸ್ ೧೮೩೭ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡ ಕಿವಿಗೆ ಬೀಳುತ್ತ ಬೆಳೆದು, ಮೈಸೂರು ಸೀಮೆಯ ಶಾಲೆಗಳ ಇನ್‌ಸ್ಪೆಕ್ಟರರಾದರು. ಶಾಲೆ ನೋಡಲು ಕುದುರೆಯೇರಿ ಊರೂರು ಸುತ್ತಿದವರು ದಾರಿಯಲ್ಲಿ ನಿಂತ ಶಿಲಾಶಾಸನಗಳನ್ನೂ ನೋಡುತ್ತ ಹೋದರು. ಕೊನೆಗೆ ಒಂಬತ್ತು ಸಾವಿರದ ಸಮೀಪ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಬೆಳಕು ಕಂಡವು. ಮುಂಬಯಿ ಪ್ರಾಂತದಲ್ಲಿ ಜೆ. ಎಫ್. ಫ್ಲೀಟ್ ೧೮೭೨ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರರಾದರು. ಹತ್ತು ವರ್ಷಗಳ ಮೇಲೆ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಮೇಲೆ ಗ್ರಂಥ ಬರೆದರು. ನಮ್ಮ ಚಾಲುಕ್ಯ, ರಾಷ್ಟ್ರಕೂಟರನ್ನು ಮಣ್ಣಿನಿಂದ ಮೇಲೆತ್ತಿದ ಇಬ್ಬರೂ ಶಾಲೆ ತಪಾಸಣೆಯ ಅಧಿಕಾರಿಗಳಾಗಿದ್ದವರು. ಆದರೆ ಅವರು ಕಂಡದ್ದು ಇಂಗ್ಲಿಷಿನ ದಪ್ಪ ಸಂಪುಟಗಳಲ್ಲಿ ಉಳಿಯಿತು. ಶಾಲೆಯ ಬಾಗಿಲಿನ ಶಾಸನ ಶಾಲೆಯ ಒಳಗೆ ಬರಲು ಬಹಳ ಕಾಲ ಹಿಡಿಯಿತು.

ಅದನ್ನು ಒಳಗೆ ತರಬೇಕೆಂಬ ಹಟ ಹುಟ್ಟಿದ್ದೂ ಪುಣೆಯ ಗಾಳಿಯಲ್ಲಿಯೇ. ೧೮೮೦ರಲ್ಲಿ ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಮಹಾರಾಷ್ಟ್ರದ ತರುಣರು ತಮ್ಮ ಪೂರ್ವಜರ ಮಾತೆತ್ತಿದರೆ ಹೇಗೆ ಉಬ್ಬುತ್ತಾರೆಂಬುದನ್ನು ಕಂಡರು. ತಮ್ಮ ಕರ್ನಾಟಕಕ್ಕೂ ಒಂದು ಇತಿಹಾಸವಿದೆಯೇ ಎಂದು ತಮ್ಮನ್ನೇ ಕೇಳಿಕೊಂಡರು. ಅದರ ಫಲವೇ ೧೯೧೭ರ ‘ಕರ್ನಾಟಕ ಗತವೈಭವ’. ಪುಣೆಯ ಕನ್ನಡಿಗರಾದ ನಮಗೆ ಇದು ಮನೆಯ ಮಾತು. ನೆರೆಯವರ ಅಭಿಮಾನವನ್ನು ಕಂಡು ಹೊಟ್ಟೆಕಿಚ್ಚು ಪಡದೆ, ಅದರಿಂದ ಪಾಠ ಕಲಿತವರು ಆಲೂರರು.

ಎಳೆಯ ಮಕ್ಕಳಿಗೆ ಕಲಿಸುವ ರೀತಿಯ ವಿಷಯದಲ್ಲಿ ನೆನೆಯಬೇಕಾದ ಇನ್ನೊಂದು ಹೆಸರು ಪಂಡಿತಾ ರಮಾಬಾಯಿಯವರದು. ೧೮೫೮ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ೧೮೮೬ರಲ್ಲಿ ಅಮೇರಿಕೆಗೆ ಹೋದಾಗ ಅವರು ಫ್ರೋಬೆಲರ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿ, ಆ ರೀತಿಯಲ್ಲಿ ಮರಾಠಿ ಮಕ್ಕಳಿಗಾಗಿ ಪಠ್ಯಗಳನ್ನು ಸಿದ್ಧಪಡಿಸಿದರು. ೧೮೮೯ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವನ್ನು ಮರುವರ್ಷ ಪುಣೆಗೆ ತಂದರು. ಮುಂದೆ ಕೇಡಗಾಂವದಲ್ಲಿ ಮುಕ್ತಿ ಮಿಶನ್ ಬೆಳೆಸಿ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕಸುಬು ಕೊಟ್ಟರು. ಮಗಳು ಮನೋರಮಾಬಾಯಿಯ ನೆರವಿನಿಂದ ಗುಲಬರ್ಗೆಯಲ್ಲೂ ಶಾಲೆ ತೆರೆದರು. ಫ್ರೋಬೆಲರ ಪದ್ಧತಿಯ ಸಾರ ಇಷ್ಟೇ: ಮಗುವಿನ ಕೈಗೆ ಮೊದಲು ವಸ್ತು ಕೊಡು, ಹೆಸರು ಆಮೇಲೆ ಹೇಳು. ಇತಿಹಾಸದ ಪಾಠದಲ್ಲಿ ಮಾತ್ರ ನಾವು ಇಂದಿಗೂ ಇದನ್ನು ತಿರುವುಮುರುವು ಮಾಡುತ್ತೇವೆ. ಹೆಸರು, ಇಸವಿಗಳನ್ನು ಮೊದಲು ತುಂಬುತ್ತೇವೆ, ವಸ್ತುವನ್ನು ಕೊನೆಯ ವರೆಗೂ ತೋರಿಸುವುದಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ೧೯೬೭ರಲ್ಲಿ ಪುಣೆಯಲ್ಲಿ ಪಠ್ಯಪುಸ್ತಕ ಮಂಡಳ, ಅಂದರೆ ಎಲ್ಲರ ಬಾಯಲ್ಲಿರುವ ‘ಬಾಲಭಾರತಿ’, ಹುಟ್ಟಿತು. ಅದು ೧೯೭೦ರಲ್ಲಿ ನಾಲ್ಕನೆಯ ಇಯತ್ತೆಗೆ ತಂದ ಇತಿಹಾಸ ಪುಸ್ತಕ ‘ಶಿವಛತ್ರಪತಿ’. ಮುಂದೆ ದಶಕಗಳ ಕಾಲ ರಾಜ್ಯದ ಪಠ್ಯಕ್ರಮ ಹಿಡಿದ ಎಲ್ಲ ಶಾಲೆಗಳಲ್ಲಿ, ಮಿಶನ್ ಶಾಲೆಗಳಲ್ಲೂ, ಆ ವಯಸ್ಸಿನ ಮಕ್ಕಳು ಓದಿದ್ದು ಶಿವಾಜಿ ಮಹಾರಾಜರ ಚರಿತ್ರೆ. ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತ ಬಂದದ್ದರಿಂದ ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಶಾಲೆಯ ಮಕ್ಕಳೂ ಅದೇ ಚರಿತ್ರೆಯನ್ನು ತಮ್ಮ ಭಾಷೆಯಲ್ಲಿ ಓದಿದರು. ಒಂದು ವರ್ಷವಿಡೀ ಒಬ್ಬನೇ ಮಹಾಪುರುಷನ ಜೀವನ, ಅವನ ತಾಯಿ, ಅವನ ಸಂಗಡಿಗರು, ಅವನ ಕೋಟೆಗಳು. ಎಳೆಯರಿಗೆ ಇತಿಹಾಸ ರುಚಿಸುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಹಾದಿ ಇರಲಾರದು. ಹೆಸರುಗಳ ಪಟ್ಟಿಯಲ್ಲಿ ಸಿಗದ ಸುಖ ಕತೆಯಲ್ಲಿ ಸಿಗುತ್ತದೆ. ರವಿವಾರ ಸಿಂಹಗಡ ಹತ್ತಿದರೆ ಪಾಠವೇ ಕಣ್ಣೆದುರು ನಿಲ್ಲುತ್ತದೆ.

ತೊಡಕು ಇರುವುದು ಇನ್ನೊಂದು ಕಡೆ. ಒಂಬತ್ತು ವರ್ಷದ ಮಗು ಕತೆಯಲ್ಲಿ ಎರಡೇ ಪಕ್ಷಗಳನ್ನು ಕಾಣುತ್ತದೆ: ನಮ್ಮವರು, ವೈರಿಗಳು. ಆ ಕತೆಯಲ್ಲಿ ವಿಜಾಪುರ ವೈರಿಯ ದರ್ಬಾರು. ಅದೇ ಮಗು ದೀಪಾವಳಿಯ ಸೂಟಿಗೆ ಅಜ್ಜನ ಊರೆಂದು ಹೋಗುವುದು ವಿಜಾಪುರಕ್ಕೆ. ಗೋಳಗುಮ್ಮಟದಲ್ಲಿ ಕೂಗಿ ತನ್ನ ದನಿ ಏಳು ಸಲ ತಿರುಗಿ ಬಂದದ್ದನ್ನು ಕೇಳಿ ಕುಣಿಯುತ್ತದೆ. ಪಕ್ಕದ ಬಾಕಿನಲ್ಲಿ ಮುಸಲ್ಮಾನ ಹುಡುಗ ಕುಳಿತಿರುತ್ತಾನೆ; ಅಫಜಲಖಾನನ ಪಾಠದ ದಿನ ಬಿಡುವಿನ ವೇಳೆ ಆಟದಲ್ಲಿ ಅವನಿಗೆ ಯಾವ ಪಾತ್ರ ಬರುತ್ತದೆಂದು ಹೇಳಬೇಕಾಗಿಲ್ಲ. ಕ್ರೈಸ್ತ ಹುಡುಗಿಗೆ ಪಾತ್ರವೇ ಇಲ್ಲ. ಅವಳವರು ಆ ಪುಸ್ತಕದಲ್ಲಿ ಸಮುದ್ರದಾಚೆಯಿಂದ ಬಂದ ಪರಕೀಯರು. ಪುಸ್ತಕ ಬರೆದವರಿಗೆ ಈ ಉದ್ದೇಶವಿರಲಿಕ್ಕಿಲ್ಲ. ಕಲಿಸುವಾಗ ಎಚ್ಚರ ತಪ್ಪಿದರೆ ಹೀಗಾಗುತ್ತದೆ.

ಮಿಶನ್ ಶಾಲೆಯಲ್ಲಿ ಈ ಎಚ್ಚರಕ್ಕೆ ವಿಶೇಷ ಬೆಲೆಯಿದೆ. ನಮ್ಮ ಸಂವಿಧಾನದ ೩೦ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ನಡೆಸುವ ಹಕ್ಕು ಕೊಟ್ಟಿದೆ. ೨೮ನೆಯ ಅನುಚ್ಛೇದ, ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ ಕೂಡ್ರಿಸಬಾರದೆಂದು ವಿಧಿಸಿದೆ. ಆದ್ದರಿಂದ ಅನೇಕ ಶಾಲೆಗಳಲ್ಲಿ ಆ ತಾಸಿಗೆ ತರಗತಿ ಎರಡಾಗುತ್ತದೆ: ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ, ಉಳಿದವರು ನೀತಿಪಾಠಕ್ಕೆ. ಇದು ನ್ಯಾಯವಾದದ್ದೇ. ಆದರೆ ಗಂಟೆ ಹೊಡೆದು ಇತಿಹಾಸದ ತಾಸು ಬಂದಾಗ ಎಲ್ಲರೂ ತಿರುಗಿ ಒಂದೇ ಕೋಣೆಗೆ ಬರುತ್ತಾರೆ. ‘ನಾವು ಎಲ್ಲಿಂದ ಬಂದೆವು’ ಎಂಬ ಮಾತನ್ನು ಈ ಮಕ್ಕಳು ಕೂಡಿ ಕೇಳುವ ತಾಸು ಇದೊಂದೇ. ಅಲ್ಲಿಯೂ ಅವರನ್ನು ನಮ್ಮವರು, ಪರರು ಎಂದು ಬೇರೆ ಮಾಡಿದರೆ ಮತ್ತೆ ಕೂಡಿಸುವುದು ಯಾವಾಗ?

ಕೂಡಿಸುವ ಸಾಮಗ್ರಿಗಾಗಿ ಸುಳ್ಳು ಹೇಳಬೇಕಾಗಿಲ್ಲ, ಕಹಿಯನ್ನು ಮರೆಮಾಡಬೇಕಾಗಿಲ್ಲ. ನಿಜವನ್ನು ಇನ್ನಷ್ಟು ಹೇಳಿದರೆ ಸಾಕು. ಶಿವಾಜಿಯ ತಂದೆ ಶಹಾಜಿರಾಜರು ವಿಜಾಪುರದ ಆದಿಲಶಾಹಿಯ ದೊಡ್ಡ ಸರದಾರರು; ೧೬೩೮ರ ಮೇಲೆ ಬೆಂಗಳೂರು ಅವರ ಜಹಗೀರು; ಬಾಲಕ ಶಿವಾಜಿ ಕೆಲವು ಕಾಲ ಅಲ್ಲಿದ್ದವರು. ಶಹಾಜಿ ತೀರಿಕೊಂಡದ್ದು ೧೬೬೪ರಲ್ಲಿ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ. ಸಮಾಧಿ ಇಂದಿಗೂ ಅಲ್ಲಿದ್ದು, ಮಹಾರಾಷ್ಟ್ರದಿಂದ ಜನ ದರ್ಶನಕ್ಕೆ ಹೋಗುತ್ತಾರೆ. ೧೬೪೮ರಲ್ಲಿ ಅವರನ್ನು ಸೆರೆಹಿಡಿದದ್ದು ಮುಧೋಳದ ಬಾಜಿ ಘೋರ್ಪಡೆ, ಮರಾಠಾ ಸರದಾರ. ಶಿವಾಜಿಯ ಆರಮಾರದಲ್ಲಿ ದೌಲತಖಾನ ನಾಯಕ. ಅಫಜಲಖಾನನ ಪರವಾಗಿ ಮಾತುಕತೆಗೆ ಬಂದ ವಕೀಲ ಕೃಷ್ಣಾಜಿ ಭಾಸ್ಕರ ಎಂಬ ಬ್ರಾಹ್ಮಣ. ವಿಜಾಪುರದ ಗಾದಿಯ ಮೇಲೆಯೇ ಕುಳಿತ ಎರಡನೆಯ ಇಬ್ರಾಹಿಂ ಆದಿಲಶಹಾ ‘ಕಿತಾಬ್-ಎ-ನೌರಸ್’ ಎಂಬ ಗೀತಗ್ರಂಥದಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಇಷ್ಟು ಹೇಳಿದರೆ ಮಗುವಿಗೆ ತಾನಾಗಿಯೇ ತಿಳಿಯುತ್ತದೆ: ಹೋರಾಟ ನಡೆದದ್ದು ರಾಜ್ಯಕ್ಕಾಗಿ, ನ್ಯಾಯಕ್ಕಾಗಿ, ಎರಡೂ ಕಡೆ ಎಲ್ಲ ಬಗೆಯ ಜನ ಇದ್ದರು. ಇದರಿಂದ ಶಿವಾಜಿ ಮಹಾರಾಜರ ಎತ್ತರ ಒಂದು ಅಂಗುಲವೂ ಕುಗ್ಗುವುದಿಲ್ಲ.

ಆ ಕ್ರೈಸ್ತ ಹುಡುಗಿಗೂ ಹೇಳುವುದಿದೆ. ಕ್ವಾರ್ಟರ್ ಗೇಟಿನ ಬಳಿಯ ಸಿಟಿ ಚರ್ಚು ೧೭೯೨ರದು. ಪೇಶವೆಯರ ಸೈನ್ಯದಲ್ಲಿ ಗೋವೆಯ ಕಡೆಯ ಕ್ರೈಸ್ತರಿದ್ದರು. ಅವರ ಪ್ರಾರ್ಥನೆಗೆಂದು ಸವಾಯಿ ಮಾಧವರಾವ್ ಪೇಶವೆ ಭೂಮಿ ಕೊಟ್ಟರು. ಬ್ರಿಟಿಷರು ಪುಣೆ ಗೆದ್ದದ್ದು ೧೮೧೭ರಲ್ಲಿ. ಅಂದರೆ ಕ್ಯಾಂಪಿಗಿಂತ ಮೊದಲು, ಇಂಗ್ಲಿಷ್ ಶಾಲೆಗಳಿಗಿಂತ ಮೊದಲು, ಪೇಶವೆಯರ ಊರಿನಲ್ಲಿ ಪೇಶವೆಯರ ಒಪ್ಪಿಗೆಯಿಂದಲೇ ಇಗರ್ಜಿಯ ಗಂಟೆ ಬಾರಿಸಿತ್ತು. ಈ ಒಂದು ಸಂಗತಿ ಗೊತ್ತಿದ್ದರೆ ಆ ಮಗು ಊರಿನ ಇತಿಹಾಸದಲ್ಲಿ ಹೊರಗೆ ನಿಲ್ಲಬೇಕಾಗಿಲ್ಲ.

ಇನ್ನು ನಮ್ಮ ಕನ್ನಡದ ಮಕ್ಕಳು. ಜಂಗಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರದ ಗುಹಾಲಯವಿದೆ. ಕಪ್ಪು ಬಂಡೆಯಲ್ಲಿ ಕೊರೆದದ್ದು, ಮುಂದೆ ದುಂಡನೆಯ ನಂದಿಮಂಟಪ. ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಆ ವಂಶದ ಒಂದನೆಯ ಕೃಷ್ಣನ ೭೫೮ರ ಮತ್ತು ೭೬೮ರ ತಾಮ್ರಪಟಗಳಲ್ಲಿ ‘ಪುಣ್ಯ ವಿಷಯ’, ‘ಪೂನಕ ವಿಷಯ’ ಎಂಬ ಹೆಸರುಗಳು ಬಂದಿವೆ. ಪುಣೆಯ ಹೆಸರು ಕಾಣುವ ಅತಿ ಹಳೆಯ ಬರಹಗಳಲ್ಲಿ ಇವು ಸೇರಿವೆ. ಎಲ್ಲೋರದ ಕೈಲಾಸವನ್ನು ಕೊರೆಸಿದವನೂ ಇದೇ ಅರಸ. ಮುಂದೆ ಇವನ ವಂಶದವರು ಗುಲಬರ್ಗೆಯ ಸೀಮೆಯ ಮಳಖೇಡದಿಂದ ಆಳಿದರು. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದ ನಾವು ಪರಸ್ಥಳದವರೆಂದು ಮಗು ಕುಗ್ಗಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ನಮಗೂ ಬೇಕು. ಪುಣೆಯೆಲ್ಲ ಮೊದಲು ನಮ್ಮದೇ ಆಗಿತ್ತೆಂದು ಮಗುವಿನ ತಲೆಯಲ್ಲಿ ತುಂಬಿದರೆ, ಒಂದು ಬಗೆಯ ಉಬ್ಬನ್ನು ತೆಗೆದು ಇನ್ನೊಂದನ್ನು ಇಟ್ಟ ಹಾಗಾಯಿತು. ಪುಲಿಕೇಶಿ ಹರ್ಷನನ್ನು ತಡೆದ ಕತೆ ಹೇಳುವಾಗ ನಮ್ಮ ಧಾಟಿ ಹೇಗಿರುತ್ತದೆಂದು ನಾವೇ ಕಿವಿಗೊಟ್ಟು ಕೇಳಿಕೊಳ್ಳುವುದು ಒಳ್ಳೆಯದು. ಎಂಟನೆಯ ಶತಮಾನದಲ್ಲಿ ಇಂದಿನ ಕರ್ನಾಟಕವೂ ಇರಲಿಲ್ಲ, ಮಹಾರಾಷ್ಟ್ರವೂ ಇರಲಿಲ್ಲ. ಕೃಷ್ಣೆ, ಭೀಮೆಯರ ನೀರು ಕುಡಿದ ಜನರಿದ್ದರು. ಅವರಲ್ಲಿ ಕೆಲವರು ಒಂದು ಮಾತು ಆಡಿದರು, ಕೆಲವರು ಇನ್ನೊಂದು, ಎಷ್ಟೋ ಜನ ಎರಡನ್ನೂ ಆಡಿದರು, ನಾವು ಇಂದು ಪುಣೆಯಲ್ಲಿ ಆಡುವ ಹಾಗೆ.

ಮನೆಯಲ್ಲಿ ಮಾಡಬಹುದಾದ ಒಂದು ಸುಲಭದ ಉಪಾಯವನ್ನು ಪಾಲಕರ ಮುಂದಿಡುತ್ತೇನೆ. ಎಳೆಯ ಮಕ್ಕಳಿಗೆ ‘ಮುನ್ನೂರು ವರ್ಷದ ಹಿಂದೆ’ ಎಂದರೆ ಅರ್ಥವಾಗುವುದಿಲ್ಲ. ‘ಅಜ್ಜನ ಅಜ್ಜ’ ಎಂದರೆ ಆಗುತ್ತದೆ. ಒಂದು ಉದ್ದನೆಯ ಹಗ್ಗ ತೆಗೆದುಕೊಂಡು ಗೇಣಿಗೊಂದು ಗಂಟು ಹಾಕಿರಿ. ಒಂದೊಂದು ಗಂಟು ಒಂದೊಂದು ತಲೆಮಾರು, ಅಂದರೆ ಇಪ್ಪತ್ತೈದು ವರ್ಷ. ಮೊದಲನೆಯ ಗಂಟು ಅಪ್ಪ ಅಮ್ಮ, ಎರಡನೆಯದು ಅಜ್ಜ ಅಜ್ಜಿ. ಅಜ್ಜ ಯಾವ ಊರಿನಿಂದ, ಯಾವ ರೈಲಿನಲ್ಲಿ, ಎಷ್ಟು ಸಾಮಾನು ಕಟ್ಟಿಕೊಂಡು ಪುಣೆಗೆ ಬಂದರು. ಖಡಕಿಯ ಕಾರಖಾನೆಯಲ್ಲಿ ಕೆಲಸಕ್ಕೆ ಸೇರಿದರೋ, ಉಡುಪಿ ಹೊಟೆಲಿನಲ್ಲಿ ಲೋಟ ತೊಳೆದರೋ, ಅದನ್ನು ಆ ಗಂಟಿನ ಹತ್ತಿರ ಹೇಳಿರಿ. ಅಜ್ಜನ ಒಂದು ಹಳೆಯ ಕಾಗದವಿದ್ದರೆ ಮಗುವಿನ ಕೈಗೆ ಕೊಡಿರಿ. ಸುಮಾರು ಏಳನೆಯ ಗಂಟಿಗೆ ಸಾವಿತ್ರಿಬಾಯಿಯ ಶಾಲೆ ಬರುತ್ತದೆ. ಒಂಬತ್ತರ ಹತ್ತಿರ ಸಿಟಿ ಚರ್ಚು. ಹದಿನೈದರ ಹತ್ತಿರ ಪ್ರತಾಪಗಡ. ಐವತ್ತನೆಯ ಗಂಟಿಗೆ ಆ ತಾಮ್ರಪಟ. ನೆರೆಮನೆಯ ಮಕ್ಕಳನ್ನೂ ಕರೆಯಿರಿ. ಅವರ ಅಜ್ಜ ಕೊಂಕಣದಿಂದಲೋ ಗೋವೆಯಿಂದಲೋ ಲಾತೂರಿನಿಂದಲೋ ಬಂದಿರುತ್ತಾರೆ. ಮೊದಲಿನ ಗಂಟುಗಳಲ್ಲಿ ಕತೆಗಳು ಬೇರೆ ಬೇರೆ. ಮುಂದೆ ಹೋದಂತೆ ಹಗ್ಗ ಎಲ್ಲರದೂ ಒಂದೇ.

ಇನ್ನೊಂದು ಅಭ್ಯಾಸವನ್ನೂ ಹಾಕಬಹುದು. ಮಗು ಪಾಠದಲ್ಲಿ ಓದಿದ್ದನ್ನು ಹೇಳಿದಾಗ ‘ಇದು ಹೇಗೆ ತಿಳಿಯಿತು?’ ಎಂದು ಕೇಳಿರಿ. ಶಾಸನದಿಂದಲೋ, ಕಾಗದದಿಂದಲೋ, ಹಿರಿಯರ ಬಾಯಿಂದಲೋ? ಉತ್ತರ ಬಾರದಿದ್ದರೆ ಶಿಕ್ಷಕಿಯವರನ್ನು ವಿನಯದಿಂದ ಕೇಳಲು ಹೇಳಿರಿ. ಕೇಳುವ ಮಗುವನ್ನು ಒಳ್ಳೆಯ ಶಿಕ್ಷಕಿ ಗದರಿಸುವುದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಗುಣ ಸಿಗಲಿಕ್ಕಿಲ್ಲ. ಆದರೆ ದೊಡ್ಡವರಾದ ಮೇಲೆ ಬೀದಿಯಲ್ಲಿ ಯಾರೋ ಇತಿಹಾಸದ ಹೆಸರು ಹೇಳಿ ಕಲ್ಲು ಎತ್ತಿಕೊಳ್ಳಿರೆಂದಾಗ, ‘ಇದು ಹೇಗೆ ತಿಳಿಯಿತು?’ ಎಂದು ಒಂದು ಗಳಿಗೆ ನಿಂತು ಕೇಳುವ ಅಭ್ಯಾಸ ಅವರಿಗೆ ಉಳಿದಿರುತ್ತದೆ.

ಮೂರು ವರ್ಷ ಮಾತ್ರ ಓದಿದ ಮುಕ್ತಾ ಒಂದು ನಿಬಂಧ ಬರೆದಳು. ನೂರೆಪ್ಪತ್ತು ವರ್ಷ ಕಳೆದರೂ ಪುಣೆ ಅದನ್ನು ಓದುತ್ತಿದೆ. ನಮ್ಮ ಮಕ್ಕಳಿಗೆ ಅವಳಿಗಿಂತ ಹೆಚ್ಚು ಪುಸ್ತಕಗಳಿವೆ, ಹೆಚ್ಚು ವರ್ಷಗಳ ಶಾಲೆಯಿದೆ. ಬರುವ ರವಿವಾರ ಅವರ ಕೈ ಹಿಡಿದು ಪಾತಾಳೇಶ್ವರಕ್ಕೋ, ಸಿಟಿ ಚರ್ಚಿನ ಅಂಗಳಕ್ಕೋ ಹೋಗಿ ಬನ್ನಿರಿ. ಬಂದ ಮೇಲೆ ಕಂಡದ್ದನ್ನು ಒಂದು ಪುಟ ಬರೆಯಲು ಹೇಳಿರಿ, ಕನ್ನಡದಲ್ಲಿ.